ಗೌಡರ ಎಣ್ಣೆ, ಮಾಳವ್ವನ ಮರಿ

ಎಣ್ಣೆ ಗಟ್ಟಿಯಾದರೆ ಚಳಿ ಇದೆ, ಗಟ್ಟಿಯಾಗದಿದ್ದರೆ ಚಳಿ ಇಲ್ಲ. ಆಗ ಬೀಸುಗುಡ್ಡದ ಜನರೆಲ್ಲ ಹೀಗೆಂದೇ ನಂಬಿದ್ದರು.

ಯಾವ ಎಣ್ಣೆ? ಗೌಡರ ಎಣ್ಣೆ.

ಊರ ನಡುವೆ ಚಾವಡಿ. ಚಾವಡಿಯಲ್ಲಿ ಕಂಬ. ಕಂಬಕ್ಕೆ ತೂಗುಹಾಕಿದ ಬಟ್ಟಲು. ಬಟ್ಟಲಲ್ಲಿ ಬೇವಿನೆಣ್ಣೆ. ಬೆಳಗಾದರೆ ನಿಂಗನಗೌಡರು ಬರುತ್ತಿದ್ದರು. ಎಣ್ಣೆಗೆ ಬೆರಳು ಇಡುತ್ತಿದ್ದರು. ಬೆರಳು ಮುಳುಗಿದರೆ ಚಳಿ ಇಲ್ಲ. ಬೆರಳು ಮುಳುಗದಿದ್ದರೆ ಚಳಿ ಇದೆ.

ಗೌಡರು ಇದೆ ಎಂದರೆ ಊರಿಗೆಲ್ಲ ಚಳಿ. ಗೌಡರು ಇಲ್ಲ ಎಂದರೆ ಯಾರಿಗೂ ಇಲ್ಲ. ಆಮೇಲೂ ಯಾರಾದರೂ ನಡುಗಿದರೆ ಅದು ಬರೀ ಸೋಗು.

ಊರಿನ ಕಂಬಳಿಗಳೆಲ್ಲ ನೇಕಾರ ಬೀರಪ್ಪನ ಅಟ್ಟದಲ್ಲಿ ಇರುತ್ತಿದ್ದವು. ಬೇಸಗೆ ಬಂದರೆ ಎಲ್ಲರೂ ತಂದು ಅವನಿಗೆ ಕೊಡುತ್ತಿದ್ದರು. ಅವನು ಹರಿದದ್ದನ್ನು ಹೊಲಿಯುತ್ತಿದ್ದ. ನಡುನಡುವೆ ಬೇವಿನ ಸೊಪ್ಪು ಇಡುತ್ತಿದ್ದ. ಮಡಚಿ ಅಟ್ಟಕ್ಕೆ ಏರಿಸುತ್ತಿದ್ದ. ಎಣ್ಣೆ ಗಟ್ಟಿಯಾದ ದಿನ ಇಳಿಸುತ್ತಿದ್ದ. ಅದಕ್ಕೆ ಮೊದಲು ಇಳಿಸುತ್ತಿರಲಿಲ್ಲ.

ಕುರಿಗಳಿಗೂ ಇದೇ ಕಟ್ಟಳೆ. ಎಣ್ಣೆ ತೆಳ್ಳಗಿದ್ದರೆ ಉಣ್ಣೆ ಕತ್ತರಿಸಬಹುದು. ಎಣ್ಣೆಯನ್ನು ಕೇಳುತ್ತಿದ್ದರು. ಕುರಿಯನ್ನು ಯಾರೂ ಕೇಳುತ್ತಿರಲಿಲ್ಲ.

ಊರಾಚೆ ಒಂದು ಗುಡ್ಡ. ಗುಡ್ಡದ ಮೇಲೆ ಮಾಳವ್ವ ಎಂಬ ಮುದುಕಿಯ ಹಟ್ಟಿ. ಹಟ್ಟಿಗೆ ಮುಳ್ಳಿನ ಬೇಲಿ. ಆ ಬೇಲಿಯಲ್ಲಿ ತೋಳ ನುಗ್ಗುತ್ತಿರಲಿಲ್ಲ. ಗಾಳಿ ನುಗ್ಗುತ್ತಿತ್ತು.

ಮಾಳವ್ವನಿಗೆ ಒಂದು ಕುರಿಮರಿ. ಅದಕ್ಕೆ ತಾಯಿ ಇರಲಿಲ್ಲ. ಮಾಳವ್ವ ಬಟ್ಟೆಯ ಬತ್ತಿಯಲ್ಲಿ ಹಾಲು ಅದ್ದಿ ಕುಡಿಸಿ ಸಾಕಿದ್ದಳು. ಮಾಳವ್ವನಿಗೂ ಬೇರೆ ಯಾರೂ ಇರಲಿಲ್ಲ. ಅವಳು ಮರಿಗೆ ಬೈಯುತ್ತಿದ್ದಳು. ಮರಿ ಅವಳ ಸೀರೆ ಅಗಿಯುತ್ತಿತ್ತು. ಇಬ್ಬರಿಗೂ ಸರಿಹೋಗಿತ್ತು.

ಒಂದು ದಿನ ಮರಿಯ ಉಣ್ಣೆ ಕತ್ತರಿಸಿದರು. ಎಣ್ಣೆ ತೆಳ್ಳಗಿತ್ತು, ಅದಕ್ಕೆ. ಕತ್ತರಿಸಿದ ಮೇಲೆ ಮರಿ ಅರ್ಧವಾಯಿತು. ಇಷ್ಟು ದಿನ ಹಾಲು ಕುಡಿದದ್ದು ಯಾರು ಎಂದು ಮಾಳವ್ವ ಕೇಳಿದಳು.

ಮರುದಿನ ಬೆಳಗ್ಗೆ ಗಾಳಿ ಬೀಸಿತು. ಮಾಳವ್ವ ಮರಿಯ ಮೈ ಮುಟ್ಟಿದಳು. ನಿನ್ನೆ ಬೆಚ್ಚಗಿತ್ತು. ಇವತ್ತು ಬೆಚ್ಚಗಿರಲಿಲ್ಲ.

ಮರಿಯ ಬಿಸಿ ಕಳೆದುಹೋಗಿತ್ತು.

ಮಾಳವ್ವ ಹುಡುಕಿದಳು. ಹುಲ್ಲಿನ ಕೆಳಗೆ ನೋಡಿದಳು. ಬುಟ್ಟಿಯ ಕೆಳಗೆ ನೋಡಿದಳು. ಬಿಸಿ ಎಲ್ಲಿಯೂ ಬಿದ್ದಿರಲಿಲ್ಲ.

ಸೆರಗು ಹೊದಿಸಿದಳು. ಸೆರಗು ಹಳೆಯದು. ಗಾಳಿ ಈಚೆಯಿಂದ ನುಗ್ಗಿ ಆಚೆಗೆ ಹೋಯಿತು. ಬೆಂಕಿ ಹಚ್ಚಿದಳು. ಗಾಳಿ ಊದಿ ಆರಿಸಿತು.

ತನ್ನ ಕಂಬಳಿ ಇದ್ದಿದ್ದರೆ ಎಂದುಕೊಂಡಳು. ಕಂಬಳಿ ಬೀರಪ್ಪನ ಅಟ್ಟದಲ್ಲಿತ್ತು.

ಮರಿಯನ್ನು ಹೆಗಲ ಮೇಲೆ ಹಾಕಿಕೊಂಡಳು. ಗುಡ್ಡ ಇಳಿದಳು. ದಾರಿಯಲ್ಲಿ ಗಾಳಿ. ಮರಿಯ ಕಿವಿ ಪಟಪಟ.

ಗುಡ್ಡದ ಬುಡದಲ್ಲಿ ನೇಕಾರ ಬೀರಪ್ಪ ಬಯಲಲ್ಲಿ ಕೂತಿದ್ದ. ಸೊಂಟದವರೆಗೆ ಉಣ್ಣೆಯ ರಾಶಿಯೊಳಗೆ ಹೂತು ಕೂತಿದ್ದ. ಚಳಿಯೇನಪ್ಪ ಎಂದು ಮಾಳವ್ವ ಕೇಳಿದಳು. ಚಳಿ ಎಲ್ಲಿಯದು, ಉಣ್ಣೆ ಹಾರಿಹೋಗದಿರಲಿ ಎಂದು ಕೂತಿದ್ದೇನೆ ಎಂದ.

ಮಾಳವ್ವ ಹೇಳಿದಳು:

"ಮರಿಯ ಬಿಸಿ ಕಳೆದಿದೆ. ನನ್ನ ಕಂಬಳಿ ಕೊಡು, ಬೀರಪ್ಪ."

ಬೀರಪ್ಪ ಅಟ್ಟದ ಕಡೆ ನೋಡಿದ. ಚಾವಡಿಯ ಕಡೆ ನೋಡಿದ. ಕಂಬಳಿ ನಿನ್ನದೇ ದೊಡ್ಡವ್ವ, ಆದರೆ ಗೌಡರ ಅಪ್ಪಣೆ ಇಲ್ಲವಲ್ಲ ಎಂದ. ಅಪ್ಪಣೆ ತಂದರೆ ಈಗಲೇ ಇಳಿಸುತ್ತೇನೆ ಎಂದ. ಇನ್ನಷ್ಟು ಉಣ್ಣೆ ಮೇಲೆ ಎಳೆದುಕೊಂಡ.

ಮಾಳವ್ವ ಗೌಡರ ಹತ್ತಿರ ಹೊರಟಳು. ದಾರಿಯಲ್ಲಿ ಗಾಳಿ. ಮರಿಯ ಕಿವಿ ಪಟಪಟ. ಬಾಲ ಲಟಲಟ.

ಚಾವಡಿಗೆ ಮೂರು ಕಡೆ ಕಲ್ಲಿನ ಗೋಡೆ. ಅದರೊಳಗೆ ನಿಂಗನಗೌಡರು ಕೂತಿದ್ದರು. ಪಕ್ಕದಲ್ಲಿ ಎಣ್ಣೆಯ ಬಟ್ಟಲು. ಮಾಳವ್ವ ಒಳಗೆ ಬಂದು ಹೇಳಿದಳು:

"ಮರಿಯ ಬಿಸಿ ಕಳೆದಿದೆ. ಬೀರಪ್ಪ ಕಂಬಳಿ ಕೊಡಲಿಲ್ಲ, ಅಪ್ಪಣೆ ಇಲ್ಲವೆಂದ. ಅಪ್ಪಣೆ ಕೊಡಿ, ಗೌಡ್ರೇ."

ಗೌಡರು ಮರಿಯನ್ನು ನೋಡಿದರು. ಕಿವಿ ಸುಮ್ಮನಿತ್ತು. ಬಾಲ ಸುಮ್ಮನಿತ್ತು. ಎಲ್ಲಿ ನಡುಗುತ್ತಿದೆ ಎಂದು ಕೇಳಿದರು.

ಮಾಳವ್ವ ಹೆಗಲ ಮೇಲೆ ಕೈಯಾಡಿಸಿ ನೋಡಿದಳು. ಹೌದು, ಮರಿ ನಡುಗುತ್ತಿರಲಿಲ್ಲ. ಅವಳಿಗೆ ಮರಿಯ ಮೇಲೆ ಸಿಟ್ಟು ಬಂತು. ದಾರಿಯಲ್ಲಿ ನಡುಗುತ್ತಿತ್ತು ಎಂದಳು.

"ಚಾವಡಿಯಲ್ಲಿ ಸುಳ್ಳು ನಡೆಯುವುದಿಲ್ಲ, ಮಾಳವ್ವ. ಅದು ಕುರಿಗೂ ಗೊತ್ತು," ಎಂದರು ಗೌಡರು.

ಎಣ್ಣೆಗೆ ಬೆರಳು ಇಟ್ಟರು. ಬೆರಳು ಮುಳುಗಿತು. ಚಳಿ ಇಲ್ಲ ಎಂದರು. ಎಣ್ಣೆ ಗಟ್ಟಿಯಾಗಲಿ, ಅಪ್ಪಣೆ ಕೊಡುತ್ತೇನೆ ಎಂದರು. ಎಣ್ಣೆಯ ಮೇಲೆ ಅನುಮಾನವಿದ್ದರೆ ಗಾಣದ ಈರಣ್ಣನನ್ನು ಕೇಳು ಎಂದರು.

ಅಷ್ಟರಲ್ಲಿ ಮರಿ ಗೌಡರ ಜಮಖಾನದ ಮೇಲೆ ನಾಲ್ಕು ಹಿಕ್ಕೆ ಉದುರಿಸಿತು. ಚಾವಡಿಯಲ್ಲಿ ಕುರಿಗೆ ಜಾಗವಿಲ್ಲ ಎಂದು ಗೌಡರು ಇಬ್ಬರನ್ನೂ ಹೊರಗೆ ಕಳಿಸಿದರು.

ಮಾಳವ್ವ ಗಾಣಕ್ಕೆ ಹೊರಟಳು. ದಾರಿಯಲ್ಲಿ ಗಾಳಿ. ಮರಿಯ ಕಿವಿ ಪಟಪಟ. ಬಾಲ ಲಟಲಟ. ಕಾಲು ಗಡಗಡ.

"ಈಗ ನಡುಗು. ಅಲ್ಲಿ ಏನಾಗಿತ್ತು ನಿನಗೆ?" ಎಂದು ಬೈದಳು. ಬೈಯುತ್ತಲೇ ಸೆರಗನ್ನು ಇನ್ನೊಂದು ಸುತ್ತು ಸುತ್ತಿದಳು.

ಗಾಣ ಬಯಲಲ್ಲಿ ಇತ್ತು. ಎತ್ತು ಸುತ್ತುತ್ತಿತ್ತು. ಈರಣ್ಣ ಎತ್ತಿನ ಹಿಂದೆ ಸುತ್ತುತ್ತಿದ್ದ. ಕಿವಿ ಮುಚ್ಚಿ ತಲೆಗೆ ಬಟ್ಟೆ ಕಟ್ಟಿದ್ದ. ಚಳಿಯೇನಪ್ಪ ಎಂದು ಮಾಳವ್ವ ಕೇಳಿದಳು. ಚಳಿ ಎಲ್ಲಿಯದು, ಹಲ್ಲುನೋವು ಎಂದ.

ಮಾಳವ್ವ ಹೇಳಿದಳು:

"ಮರಿಯ ಬಿಸಿ ಕಳೆದಿದೆ. ಬೀರಪ್ಪ ಕಂಬಳಿ ಕೊಡಲಿಲ್ಲ, ಅಪ್ಪಣೆ ಇಲ್ಲವೆಂದ. ಗೌಡರು ಅಪ್ಪಣೆ ಕೊಡಲಿಲ್ಲ, ಎಣ್ಣೆ ಗಟ್ಟಿಯಾಗಿಲ್ಲವೆಂದರು. ಗಟ್ಟಿಯಾಗುವ ಎಣ್ಣೆ ಕೊಡು, ಈರಣ್ಣ."

ಈರಣ್ಣನಿಗೆ ಬೇಸರವಾಯಿತು. ನಮ್ಮಜ್ಜನ ಕಾಲದಿಂದ ನಮ್ಮ ಎಣ್ಣೆ ಸರಿಯಾಗಿಯೇ ಗಟ್ಟಿಯಾಗಿದೆ ಅವ್ವ ಎಂದ. ಎಣ್ಣೆಯದು ತಪ್ಪಲ್ಲ ಎಂದ. ತಪ್ಪು ಬಟ್ಟಲದ್ದು. ಬಟ್ಟಲು ದಪ್ಪ. ಇಷ್ಟು ದಪ್ಪದ ಬಟ್ಟಲಿನೊಳಗೆ ಚಳಿ ಹೇಗೆ ಹೋದೀತು? ಕುಂಬಾರ ಗುರವ್ವನನ್ನು ಕೇಳು ಎಂದ. ಎತ್ತು ನಿಂತಿರಲಿಲ್ಲ. ಈರಣ್ಣನೂ ನಿಂತಿರಲಿಲ್ಲ. ಇಷ್ಟು ಹೇಳುವಷ್ಟರಲ್ಲಿ ಮಾಳವ್ವನೂ ಅವನ ಹಿಂದೆ ಗಾಣ ಸುತ್ತಿದ್ದಳು.

ಮಾಳವ್ವ ಕುಂಬಾರರ ಕೇರಿಗೆ ಹೊರಟಳು. ದಾರಿಯಲ್ಲಿ ಗಾಳಿ. ಮರಿಯ ಕಿವಿ ಪಟಪಟ. ಬಾಲ ಲಟಲಟ. ಕಾಲು ಗಡಗಡ. ಹಲ್ಲು ಕಟಕಟ.

ಈಗ ಅವಳು ಬೈಯಲಿಲ್ಲ.

ಗುರವ್ವ ಅಂಗಳದಲ್ಲಿ ನಿಂತಿದ್ದಳು. ತಿಗರಿ ಸುಮ್ಮನೆ ನಿಂತಿತ್ತು. ಮಣ್ಣು ಸುಮ್ಮನೆ ಬಿದ್ದಿತ್ತು. ಗುರವ್ವನ ಎರಡೂ ಕೈ ಕಂಕುಳಲ್ಲಿ ಇದ್ದವು. ಚಳಿಯೇನೇ ಎಂದು ಮಾಳವ್ವ ಕೇಳಿದಳು. ಚಳಿ ಎಲ್ಲಿಯದು, ಕಂಕುಳು ತುರಿಸುತ್ತಿದೆ ಎಂದಳು.

ಮಾಳವ್ವ ಹೇಳಿದಳು:

"ಮರಿಯ ಬಿಸಿ ಕಳೆದಿದೆ. ಬೀರಪ್ಪ ಕಂಬಳಿ ಕೊಡಲಿಲ್ಲ, ಅಪ್ಪಣೆ ಇಲ್ಲವೆಂದ. ಗೌಡರು ಅಪ್ಪಣೆ ಕೊಡಲಿಲ್ಲ, ಎಣ್ಣೆ ಗಟ್ಟಿಯಾಗಿಲ್ಲವೆಂದರು. ಈರಣ್ಣ ಬೇರೆ ಎಣ್ಣೆ ಕೊಡಲಿಲ್ಲ, ಬಟ್ಟಲು ದಪ್ಪವೆಂದ. ತೆಳ್ಳನೆಯ ಬಟ್ಟಲು ಕೊಡು, ಗುರವ್ವ."

ಗುರವ್ವ ಕಂಕುಳಿಂದ ಒಂದು ಕೈ ತೆಗೆದಳು. ಸೊಂಟದ ಮೇಲೆ ಇಟ್ಟಳು. ಈರಣ್ಣ ಹಾಗೆ ಅಂದನೇ ಎಂದು ಕೇಳಿದಳು. ಅವನ ಹೆಂಡತಿಯ ರೊಟ್ಟಿ ನನ್ನ ಬಟ್ಟಲಿಗಿಂತ ದಪ್ಪ, ಅಕ್ಕ, ಅದನ್ನು ಅವನು ತಿನ್ನುವುದಿಲ್ಲವೇ ಎಂದಳು. ಬಟ್ಟಲದ್ದು ತಪ್ಪಲ್ಲ. ತಪ್ಪು ಗೋಡೆಯದ್ದು. ಚಾವಡಿಯ ಗೋಡೆ ಬಟ್ಟಲಿಗೆ ಅಡ್ಡ ನಿಂತಿದೆ. ಅದನ್ನು ದಾಟಿ ಚಳಿ ಹೇಗೆ ಬಂದೀತು? ಗೋಡೆ ಕಟ್ಟಿದ ಕಲ್ಲುಕುಟಿಗ ದುರ್ಗಪ್ಪನನ್ನು ಕೇಳು ಎಂದಳು. ಕೈಯನ್ನು ಮತ್ತೆ ಕಂಕುಳಿಗೆ ಸೇರಿಸಿದಳು.

ದುರ್ಗಪ್ಪ ಕಲ್ಲು ಒಡೆಯುತ್ತಿದ್ದದ್ದು ಗುಡ್ಡದ ಮೇಲೆ. ಮಾಳವ್ವನ ಹಟ್ಟಿಯ ಪಕ್ಕದಲ್ಲೇ. ಮಾಳವ್ವ ಊರೆಲ್ಲ ಸುತ್ತಿ ನೆರೆಮನೆಗೆ ಹೊರಟಳು.

ಗುಡ್ಡ ಹತ್ತಿದಳು. ಹತ್ತಿದಷ್ಟೂ ಗಾಳಿ. ಮರಿಯ ಕಿವಿ ಪಟಪಟ. ಬಾಲ ಲಟಲಟ. ಕಾಲು ಗಡಗಡ. ಹಲ್ಲು ಕಟಕಟ. ಮರಿ ಬಾಯಿ ತೆರೆಯಿತು. ದನಿ ಬರಲಿಲ್ಲ.

ಮಾಳವ್ವ ನಿಂತಳು. ಕಿವಿಗೊಟ್ಟಳು. ಮರಿ ಮತ್ತೆ ಬಾಯಿ ತೆರೆಯಿತು. ಮತ್ತೆ ದನಿ ಬರಲಿಲ್ಲ. ದನಿ ಹೋದ ಮರಿ ಉಳಿಯುವುದು ಕಷ್ಟ. ಇದನ್ನು ಅವಳಿಗೆ ಯಾವ ಎಣ್ಣೆಯೂ ಹೇಳಬೇಕಾಗಿರಲಿಲ್ಲ.

ಓಡಿದಳು. ಮುದುಕಿ ಓಡಿದ ಹಾಗೆ ಓಡಿದಳು.

ದುರ್ಗಪ್ಪ ಕಲ್ಲಿನ ಮೇಲೆ ಚಾಣ ಇಟ್ಟು ಹೊಡೆಯುತ್ತಿದ್ದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವಳು ಕೇಳುವ ಮೊದಲೇ, ಚಳಿಯಲ್ಲ ಅಜ್ಜಿ, ಕಲ್ಲಿನ ಪುಡಿ ಎಂದ.

ಮಾಳವ್ವ ಏದುಸಿರು ಬಿಡುತ್ತ ಹೇಳಿದಳು:

"ಮರಿಯ ಬಿಸಿ ಕಳೆದಿದೆ. ಬೀರಪ್ಪ ಕಂಬಳಿ ಕೊಡಲಿಲ್ಲ, ಅಪ್ಪಣೆ ಇಲ್ಲವೆಂದ. ಗೌಡರು ಅಪ್ಪಣೆ ಕೊಡಲಿಲ್ಲ, ಎಣ್ಣೆ ಗಟ್ಟಿಯಾಗಿಲ್ಲವೆಂದರು. ಈರಣ್ಣ ಬೇರೆ ಎಣ್ಣೆ ಕೊಡಲಿಲ್ಲ, ಬಟ್ಟಲು ದಪ್ಪವೆಂದ. ಗುರವ್ವ ಬೇರೆ ಬಟ್ಟಲು ಕೊಡಲಿಲ್ಲ, ಗೋಡೆ ಅಡ್ಡವೆಂದಳು. ಚಾವಡಿಯ ಗೋಡೆ ಒಡೆ, ದುರ್ಗಪ್ಪ."

ದುರ್ಗಪ್ಪ ಸುತ್ತಿಗೆ ಇಳಿಸಿದ. ಆ ಗೋಡೆ ಕಟ್ಟುವಾಗ ತನ್ನ ಬೆನ್ನು ಬಿದ್ದುಹೋಗಿತ್ತು ಎಂದ. ಅದನ್ನು ಒಡೆಯುವುದಿಲ್ಲ ಎಂದ. ಆಮೇಲೆ ಮರಿಯ ಮುಖ ನೋಡಿದ. ತಲೆ ಕೆರೆದುಕೊಂಡ.

"ಗೋಡೆ ಯಾಕೆ ಒಡೆಯಬೇಕು, ಅಜ್ಜಿ? ಬಟ್ಟಲನ್ನೇ ಇಲ್ಲಿಗೆ ತಂದರಾಯಿತು."

ಊರಿನಲ್ಲಿ ಯಾರಿಗೂ ಇದು ಹೊಳೆದಿರಲಿಲ್ಲ. ದುರ್ಗಪ್ಪನಿಗೂ ಹೊಳೆಯುತ್ತಿರಲಿಲ್ಲ. ಅವನಿಗೆ ಗೋಡೆ ಒಡೆಯುವುದು ಬೇಡವಾಗಿತ್ತು, ಅದಕ್ಕೆ ಹೊಳೆಯಿತು.

ದುರ್ಗಪ್ಪ ಗುಡ್ಡದ ಅಂಚಿಗೆ ಹೋಗಿ ಗುರವ್ವನನ್ನು ಕೂಗಿದ. ಗುರವ್ವ ಈರಣ್ಣನನ್ನು ಕೂಗಿದಳು. ಅವನ ಹೆಂಡತಿಯ ರೊಟ್ಟಿಯ ಮಾತನ್ನೂ ಸೇರಿಸಿಯೇ ಕೂಗಿದಳು. ಈರಣ್ಣ ಗೌಡರನ್ನು ಕರೆದ. ಗೌಡರನ್ನು ಕೂಗಬಾರದು, ಅದಕ್ಕೆ ಹತ್ತಿರ ಹೋಗಿ ಕರೆದ. ಗೌಡರು ಬಟ್ಟಲು ಕೈಗೆತ್ತಿಕೊಂಡು ಬೀರಪ್ಪನನ್ನು ಕರೆದರು. ಬೀರಪ್ಪ ಉಣ್ಣೆಯ ರಾಶಿಯಿಂದ ಎದ್ದ. ಅವನು ಎಳ್ಳಷ್ಟೂ ಸಂತೋಷದಿಂದ ಏಳಲಿಲ್ಲ.

ಎಲ್ಲರೂ ಗುಡ್ಡ ಹತ್ತಿದರು. ಮಾಳವ್ವನ ಹಟ್ಟಿಗೆ ಬಂದರು. ಮರಿ ನೆಲದ ಮೇಲೆ ಮಲಗಿತ್ತು. ಪಕ್ಕದಲ್ಲಿ ಒಂದು ಚಪ್ಪಡಿ ಕಲ್ಲು. ಗೌಡರು ಅದರ ಮೇಲೆ ಬಟ್ಟಲು ಇಟ್ಟರು.

ಗಾಳಿ ಬೀಸಿತು. ಬೀರಪ್ಪ ನಡುಗಿದ. ಈರಣ್ಣ ನಡುಗಿದ. ಗುರವ್ವ ನಡುಗಿದಳು. ದುರ್ಗಪ್ಪ ನಡುಗಿದ. ಗೌಡರು ನಡುಗಲಿಲ್ಲ. ಅವರ ಮೀಸೆ ಮಾತ್ರ ನಡುಗಿತು.

ಎಲ್ಲರೂ ಕಾದರು. ಗೌಡರು ಎಣ್ಣೆಗೆ ಬೆರಳು ಇಟ್ಟರು. ಬೆರಳು ಮುಳುಗಿತು.

"ಚ... ಚ... ಚಳಿ ಇಲ್ಲ," ಎಂದರು ಗೌಡರು.

ಇಲ್ಲ ಇಲ್ಲ ಎಂದರು ಎಲ್ಲರೂ. ಹೇಳುವಾಗ ಎಲ್ಲರ ಹಲ್ಲೂ ಕಟಕಟ.

ಮಾಳವ್ವ ಮರಿಯ ಪಕ್ಕ ಕೂತು ಅದರ ಎದೆಯ ಮೇಲೆ ಕೈ ಇಟ್ಟಿದ್ದಳು. ಒಳಗೆ ಇನ್ನೂ ಸ್ವಲ್ಪ ಬಡಿಯುತ್ತಿತ್ತು. ಆಮೇಲೆ ತಲೆಯೆತ್ತಿ, ಇನ್ನೊಂದು ಸಲ ನೋಡಿ ಗೌಡ್ರೇ ಎಂದಳು.

ಗೌಡರು ಬಗ್ಗಿ ನೋಡಿದರು. ಗಾಳಿಗೆ ಎಣ್ಣೆಯ ಮೇಲೆ ಸಣ್ಣ ಸಣ್ಣ ಅಲೆ. ಅಲ್ಲೊಂದು ಇಲ್ಲೊಂದು ಕಸ. ಗೌಡರಿಗೆ ಕಾರಣ ಹೊಳೆಯಿತು. ಎಣ್ಣೆ ಅಲುಗುತ್ತಿದೆ ಎಂದರು. ಅಲುಗುವ ಎಣ್ಣೆ ಹೇಗೆ ಗಟ್ಟಿಯಾದೀತು ಎಂದರು. ಪಾಪ, ಎಣ್ಣೆಗೆ ಗಾಳಿ ತಾಗುತ್ತಿದೆ, ಅಡ್ಡ ನಿಲ್ಲಿ ಎಂದರು.

ಹೀಗೆ ಎಲ್ಲರೂ ಅಡ್ಡ ನಿಂತರು. ಮರಿಗಾಗಿ ಅಲ್ಲ. ಎಣ್ಣೆಗಾಗಿ.

ಮೊದಲು ಕಲ್ಲುಕುಟಿಗ ದುರ್ಗಪ್ಪ ನಿಂತ. ಅವನ ಬೆನ್ನು ಅಗಲ. ಒಂದಿಷ್ಟು ಗಾಳಿ ನಿಂತಿತು. ಮರಿ ಬಾಯಿ ತೆರೆಯಿತು. "ಬ್ಯಾ" ಎಂದಿತು. ದನಿ ಬಂತು.

ದುರ್ಗಪ್ಪನ ಪಕ್ಕ ಕುಂಬಾರ ಗುರವ್ವ ನಿಂತಳು. ಇನ್ನಷ್ಟು ಗಾಳಿ ನಿಂತಿತು. ಮರಿಯ ಹಲ್ಲು ಸುಮ್ಮನಾಯಿತು.

ಗುರವ್ವನ ಪಕ್ಕ ಗಾಣದ ಈರಣ್ಣ ನಿಂತ. ನಡುವೆ ಸಂದಿ ಬಿಟ್ಟು ನಿಂತ. ಗುರವ್ವ ಅವನನ್ನು ನೋಡಿದಳು. ಅವನು ಹತ್ತಿರ ಸರಿದ. ಇನ್ನಷ್ಟು ಗಾಳಿ ನಿಂತಿತು. ಮರಿಯ ಕಾಲು ಸುಮ್ಮನಾಯಿತು.

ಆದರೂ ಎಣ್ಣೆ ಅಲುಗುತ್ತಿತ್ತು. ಈರಣ್ಣನ ಪಕ್ಕ ಗೌಡರೇ ನಿಂತರು. ಗೌಡರಿಗೆ ಹೊಟ್ಟೆ ಇತ್ತು. ಬಹಳ ಗಾಳಿ ನಿಂತಿತು. ಮರಿಯ ಬಾಲ ಸುಮ್ಮನಾಯಿತು.

ಗೌಡರ ಪಕ್ಕ ನೇಕಾರ ಬೀರಪ್ಪ ನಿಂತ. ಗಾಳಿ ಪೂರ್ತಿ ನಿಂತಿತು. ಮರಿಯ ಕಿವಿ ಸುಮ್ಮನಾಯಿತು.

ಮಾಳವ್ವ ಮರಿಯ ಮೈ ಮುಟ್ಟಿದಳು. ಮರಿ ಬೆಚ್ಚಗಾಗುತ್ತಿತ್ತು.

ಅವಳಿಗೆ ನಂಬಿಕೆ ಬರಲಿಲ್ಲ. ಕಂಬಳಿ ಅಟ್ಟದಲ್ಲೇ ಇತ್ತು. ಬೆಂಕಿ ಯಾರೂ ಹಚ್ಚಿರಲಿಲ್ಲ. ಮರಿಯನ್ನು ಯಾರೂ ಅಪ್ಪಿಕೊಂಡಿರಲಿಲ್ಲ. ಎಲ್ಲರೂ ಎಣ್ಣೆಯನ್ನೇ ನೋಡುತ್ತಿದ್ದರು.

ಎಣ್ಣೆ ಈಗ ಅಲುಗದೆ ನಿಂತಿತ್ತು. ಗೌಡರು ಬೆರಳು ಇಟ್ಟರು. ಬೆರಳು ಮುಳುಗಿತು. ಚಳಿ ಇಲ್ಲವೇ ಇಲ್ಲ, ಬೇಕಾದರೆ ನೀನೇ ಬಂದು ನೋಡು ಮಾಳವ್ವ ಎಂದರು. ಅವಳಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದರು.

ಸಂದಿ ಬಿತ್ತು. ಗಾಳಿ ನುಗ್ಗಿತು. ಮರಿಯ ಕಿವಿ ಪಟಪಟ. ಬಾಲ ಲಟಲಟ.

ಗೌಡರು ಮತ್ತೆ ನಿಂತರು. ಬಾಲ ಸುಮ್ಮನಾಯಿತು. ಕಿವಿ ಸುಮ್ಮನಾಯಿತು.

ಮಾಳವ್ವ ಗೌಡರನ್ನು ನೋಡಿದಳು. ಮರಿಯನ್ನು ನೋಡಿದಳು.

"ಇನ್ನೊಂದು ಸಲ ಪಕ್ಕಕ್ಕೆ ಸರಿಯಿರಿ, ಗೌಡ್ರೇ," ಎಂದಳು.

ಗೌಡರಿಗೆ ಪಕ್ಕಕ್ಕೆ ಸರಿ ಎಂದು ಯಾರೂ ಹೇಳಿದ್ದಿಲ್ಲ. ಏನು ಮಾಡಬೇಕೋ ತಿಳಿಯದೆ ಅವರು ಸರಿದರು. ಕಿವಿ ಪಟಪಟ. ಬಾಲ ಲಟಲಟ. ಬಂದು ನಿಂತರು. ಬಾಲ ಸುಮ್ಮನೆ. ಕಿವಿ ಸುಮ್ಮನೆ.

ಈಗ ಎಲ್ಲರೂ ಕೂತುಕೊಳ್ಳಿ ಎಂದಳು ಮಾಳವ್ವ. ಎಲ್ಲರೂ ಕೂತರು. ಮರಿಯ ಕಿವಿ ಪಟಪಟ. ಬಾಲ ಲಟಲಟ. ಕಾಲು ಗಡಗಡ. ಹಲ್ಲು ಕಟಕಟ. ಮಾಳವ್ವ ದನಿ ಹೋಗುವವರೆಗೆ ಕಾಯಲಿಲ್ಲ.

"ಏಳಿ, ಏಳಿ," ಎಂದಳು.

ಎಲ್ಲರೂ ಎದ್ದು ನಿಂತರು. ಹಲ್ಲು ಸುಮ್ಮನೆ. ಕಾಲು ಸುಮ್ಮನೆ. ಬಾಲ ಸುಮ್ಮನೆ. ಕಿವಿ ಸುಮ್ಮನೆ.

ಕೂತಾಗಲೂ ಗೌಡರು ಎಣ್ಣೆಗೆ ಬೆರಳು ಇಟ್ಟಿದ್ದರು. ಬೆರಳು ಮುಳುಗಿತ್ತು. ನಿಂತಾಗಲೂ ಬೆರಳು ಇಟ್ಟರು. ಬೆರಳು ಮುಳುಗಿತು. ಎಣ್ಣೆಗೆ ಯಾವ ವ್ಯತ್ಯಾಸವೂ ಇರಲಿಲ್ಲ. ಎಣ್ಣೆ ಆರಾಮವಾಗಿತ್ತು.

ಗೌಡರು ಬಹಳ ಹೊತ್ತು ಯೋಚಿಸಿದರು. ಗೌಡರು ಯೋಚಿಸುವಾಗ ಉಳಿದವರು ಯೋಚಿಸುವ ಪದ್ಧತಿ ಇರಲಿಲ್ಲ. ಅವರು ಸುಮ್ಮನೆ ನಿಂತಿದ್ದರು. ಆಮೇಲೆ ಗೌಡರು, ಎಣ್ಣೆ ಹಾಗೇ ಇದೆ, ಹಾಗಾದರೆ ಚಳಿ ಆಗ ಎಷ್ಟೋ ಈಗಲೂ ಅಷ್ಟೇ ಎಂದರು. ಮರಿ ಮಾತ್ರ ಬೆಚ್ಚಗಾಗಿದೆ ಎಂದರು. ಅವರ ದನಿ ಸಣ್ಣದಾಗಿತ್ತು.

"ಮಾಳವ್ವ, ಮರಿಗೆ ಈ ಬಿಸಿ ಎಲ್ಲಿಂದ ಬಂತು?"

ಮಾಳವ್ವ ಮರಿಯ ಹೊಟ್ಟೆಯ ಮೇಲೆ ಕೈಯಾಡಿಸಿದಳು. ಬೆಳಗ್ಗೆ ಕುಡಿಸಿದ ಹಾಲು ಅಲ್ಲಿತ್ತು.

"ಎಲ್ಲಿಂದಲೂ ಬಂದಿಲ್ಲ, ಗೌಡ್ರೇ. ಅದರದೇ ಬಿಸಿ. ಇಷ್ಟು ಹೊತ್ತು ಹೋಗುತ್ತಿತ್ತು. ಈಗ ಹೋಗುತ್ತಿಲ್ಲ."

ಗೌಡರು ಮೂಗು ಒರೆಸಿಕೊಂಡರು. ಬೀರಪ್ಪ, ನಾವು ಇಲ್ಲಿ ಹೀಗೆ ಎಷ್ಟು ದಿನ ನಿಲ್ಲಬೇಕು ಎಂದು ಕೇಳಿದ. ಅದು ಒಳ್ಳೆಯ ಪ್ರಶ್ನೆಯಾಗಿತ್ತು.

ದುರ್ಗಪ್ಪ ಒಂದು ಕಲ್ಲು ತಂದು ತಾನು ನಿಂತ ಜಾಗದಲ್ಲಿ ಇಟ್ಟ. ಅದರ ಮೇಲೆ ಇನ್ನೊಂದು ಇಟ್ಟ. ಅದರ ಮೇಲೆ ಮತ್ತೊಂದು. ಕುರಿಯ ಎತ್ತರಕ್ಕೆ ಗೋಡೆ ಬಂತು. ದುರ್ಗಪ್ಪನ ಜಾಗದಲ್ಲಿ ಗೋಡೆ ನಿಂತಿತು. ಗುರವ್ವನ ಜಾಗದಲ್ಲಿ ಗೋಡೆ ನಿಂತಿತು. ಈರಣ್ಣನ ಜಾಗದಲ್ಲಿ ಗೋಡೆ ನಿಂತಿತು. ಗೌಡರ ಜಾಗದಲ್ಲಿ ಗೋಡೆ ನಿಂತಿತು. ಅದಕ್ಕೆ ಕಲ್ಲು ಹೆಚ್ಚು ಬೇಕಾಯಿತು. ಬೀರಪ್ಪನ ಜಾಗದಲ್ಲಿ ಗೋಡೆ ನಿಂತಿತು.

ಗೋಡೆ ಒಡೆಯದ ದುರ್ಗಪ್ಪ ಗೋಡೆ ಕಟ್ಟಿದ. ಬಟ್ಟಲು ಕೊಡದ ಗುರವ್ವ ಸಂದಿಗೆಲ್ಲ ಮಣ್ಣು ಮೆತ್ತಿದಳು. ಎಣ್ಣೆ ಕೊಡದ ಈರಣ್ಣ ಗಾಣದ ಎತ್ತಿನಿಂದ ಕಲ್ಲು ಎಳೆಸಿದ. ಎತ್ತಿಗೆ ಮೊದಲ ಸಲ ನೆಟ್ಟಗೆ ನಡೆಯುವ ಕೆಲಸ ಸಿಕ್ಕಿತು. ಅಪ್ಪಣೆ ಕೊಡದ ಗೌಡರು ಅಪ್ಪಣೆ ಕೊಟ್ಟರು. ನಡುಗುವವರು ಕಂಬಳಿ ತೆಗೆದುಕೊಳ್ಳಬಹುದು ಎಂದರು. ಎಣ್ಣೆ ಏನೇ ಹೇಳಲಿ ಎಂದರು. ಕಂಬಳಿ ಕೊಡದ ಬೀರಪ್ಪ ಕಂಬಳಿ ಕೊಟ್ಟ. ಮೊದಲು ತನ್ನದನ್ನು ಇಳಿಸಿಕೊಂಡು, ಆಮೇಲೆ ಕೊಟ್ಟ.

ಈರಣ್ಣನ ಹಲ್ಲುನೋವು ಅಂದೇ ವಾಸಿಯಾಯಿತು. ಗುರವ್ವನ ಕಂಕುಳ ತುರಿಕೆ ನಿಂತಿತು. ದುರ್ಗಪ್ಪನ ಕಣ್ಣಿಗೆ ಕಲ್ಲಿನ ಪುಡಿ ಬೀಳಲಿಲ್ಲ.

ಮಾಳವ್ವ ಗೋಡೆಗೆ ಒರಗಿ ಕೂತಳು. ಗೋಡೆಯ ಆಚೆ ಗಾಳಿ ಬೀಸುತ್ತಲೇ ಇತ್ತು. ಮರಿ ಅವಳ ತೊಡೆಯ ಮೇಲೆ ಮಲಗಿತ್ತು. ದನಿ ಬಂದಿತ್ತು. ಹಲ್ಲು ಸುಮ್ಮನಿತ್ತು. ಕಾಲು ಸುಮ್ಮನಿತ್ತು. ಬಾಲ ಸುಮ್ಮನಿತ್ತು. ಕಿವಿ ಸುಮ್ಮನಿತ್ತು. ಮೈ ಬೆಚ್ಚಗಿತ್ತು. ಸ್ವಲ್ಪ ಹೊತ್ತಿಗೆ ಎದ್ದು ಕಂಬಳಿಯ ಅಂಚು ಅಗಿಯತೊಡಗಿತು. ಮಾಳವ್ವ ಬೈದಳು. ಮರಿ "ಬ್ಯಾ" ಎಂದಿತು.

ಗಾಳಿ ಚಳಿಯನ್ನು ತರುವುದಿಲ್ಲ, ಬೆಚ್ಚಗಿರುವ ಮೈಯ ಬಿಸಿಯನ್ನು ಒಯ್ಯುತ್ತದೆ. ಎಣ್ಣೆಗೆ ಮೈಬಿಸಿ ಇಲ್ಲ.